ಹಾಡಿನೊಳಗೆ ಕೂತ ದೆವ್ವಗಳು

ದೆವ್ವದ ಸಿನಿಮಾ ನೋಡಿದರೆ ನನಗೆ ನಗು ಬರುತ್ತೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಕಿರ್ರೆನ್ನುವ ಬಾಗಿಲು... ಇದನ್ನೆಲ್ಲ ನೋಡ್ತಾ ಆರಾಮಾಗಿ ಕೂತು ಮಂಡಕ್ಕಿ ತಿನ್ನಬಲ್ಲೆ. ಆದರೆ ಹಾಡಿಗೆ ಹೆದರ್ತೀನಿ. ನಗಬೇಡಿ, ನಿಜ ಹೇಳ್ತಿದೀನಿ. ಕೆಲವು ಹಾಡುಗಳಲ್ಲಿ ಒಂದೊಂದು ಜಾಗ ಇದೆ, ಅಲ್ಲಿಗೆ ಬಂದಾಗ ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿಯೇ ಲೈಟಿನ ಸ್ವಿಚ್ಚಿನ ಕಡೆ ಹೋಗುತ್ತೆ.

ಇದನ್ನ ಬರೀಬೇಕು ಅಂತ ಒಂದು ತಿಂಗಳಿಂದ ಡ್ರಾಫ್ಟಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಊರಿನ ಮನೆಯ ಅಟ್ಟ ಗುಡಿಸುವಾಗ ಒಂದು ಹಳೇ ಕ್ಯಾಸೆಟ್ ಸಿಕ್ಕಿದ್ದೇ ಇದಕ್ಕೆಲ್ಲ ಕಾರಣ. ಆದರೆ ಅದರ ಕಥೆ ಆಮೇಲೆ. ಮೊದಲು ಶುರುವಾಗಿದ್ದು ಎಲ್ಲಿಂದ ಅಂತ ಹೇಳಿಬಿಡ್ತೀನಿ.

ನಮ್ಮೂರು ಸಾಗರದಿಂದ ಆಚೆ, ತೋಟದ ಅಂಚಿನಲ್ಲಿರೋ ಒಂಟಿ ಮನೆ. ಮಳೆಗಾಲದಲ್ಲಿ ಕರೆಂಟು ಅನ್ನೋದು ನೆಂಟರ ಹಾಗೆ, ಯಾವಾಗಲಾದರೂ ಬಂದು ಮುಖ ತೋರಿಸಿ ಹೋಗುತ್ತಿತ್ತು. ಆದರೆ ಅಪ್ಪನ ಟ್ರಾನ್ಸಿಸ್ಟರ್ ಮಾತ್ರ ಸೆಲ್ಲಿನಲ್ಲಿ ನಡೀತಿತ್ತು. ಸಂಜೆ ಭದ್ರಾವತಿ ಆಕಾಶವಾಣಿ, ಊಟ ಆದ ಮೇಲೆ ವಿವಿಧ ಭಾರತಿ. ಅಂಥ ಒಂದು ರಾತ್ರಿ, ಚಿಮಣಿ ಬುಡ್ಡಿ ಬೆಳಕಲ್ಲಿ, ಜಗಲಿಯಲ್ಲಿ ಕೂತು ನಾನು ಮೊದಲ ಸಲ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಕೇಳಿದ್ದು. ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಯಾರೋ ಹೆಂಗಸು ತುಂಬಾ ದೂರದಿಂದ, ತಾಳವೇ ಇಲ್ಲದೆ, ತನಗೆ ತಾನೇ ಹೇಳಿಕೊಳ್ಳೋ ಹಾಗೆ ಹಾಡ್ತಿದ್ದಾಳೆ. ಸ್ವಲ್ಪ ಹೊತ್ತಿಗೆ ಅವಳು ಹತ್ತಿರ ಬಂದಿದ್ದಾಳೆ. ಧ್ವನಿ ಜೋರು ಮಾಡಿದ್ದಲ್ಲ, ಹತ್ತಿರ ಬಂದದ್ದು. ಇವೆರಡಕ್ಕೂ ಇರೋ ವ್ಯತ್ಯಾಸ ಏಳು ವರ್ಷದ ಹುಡುಗನಿಗೂ ಗೊತ್ತಾಗುತ್ತೆ ನೋಡಿ. ನಮ್ಮ ತೋಟದ ಸಂಕದ ಹತ್ತಿರ ಇದ್ದವಳು ಈಗ ದಣಪೆ ದಾಟಿ ಅಂಗಳಕ್ಕೆ ಬಂದಳು ಅಂತಲೇ ನನಗೆ ಅನ್ನಿಸಿ, ಎದ್ದು ಓಡಿಹೋಗಿ ಅಮ್ಮನ ಸೆರಗು ಹಿಡಕೊಂಡಿದ್ದೆ. ಅಕ್ಕ ಇವತ್ತಿಗೂ ಅದನ್ನ ಹೇಳಿಕೊಂಡು ನಗ್ತಾಳೆ.

ಎಷ್ಟೋ ವರ್ಷ ಆದ ಮೇಲೆ ಲತಾ ಮಂಗೇಶ್ಕರ್ ಆ ರೆಕಾರ್ಡಿಂಗ್ ಬಗ್ಗೆ ಹೇಳಿದ್ದನ್ನು ಓದಿ ನನಗೆ ರೋಮಾಂಚನ ಆಯ್ತು. ದೂರದಿಂದ ಬರುವ ಹಾಗೆ ಕೇಳಿಸಬೇಕು, ಆದರೆ ಅದನ್ನು ಮಾಡಲು ಈಗಿನಂತೆ ಯಂತ್ರ ಇರಲಿಲ್ಲ. ಅದಕ್ಕೆ ಕೋಣೆಯ ನಡುವೆ ಮೈಕ್ ನಿಲ್ಲಿಸಿ, ಲತಾ ಮೂಲೆಯಿಂದ ಹಾಡುತ್ತಾ ಹಾಡುತ್ತಾ ಮೈಕಿನ ಕಡೆಗೆ ನಡೆದುಕೊಂಡು ಬಂದರಂತೆ. ಅಂದರೆ ನಾನು ಹೆದರಿದ್ದು ಸುಮ್ಮಸುಮ್ಮನೆ ಅಲ್ಲ! ನಿಜವಾಗಿಯೂ ಒಬ್ಬಳು ನಡೆದು ಬಂದಿದ್ದಳು. 1949ರಲ್ಲಿ ಬೊಂಬಾಯಿಯ ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷದ ಹುಡುಗಿ ಇಟ್ಟ ಹೆಜ್ಜೆ, ಎಂಬತ್ತರ ದಶಕದಲ್ಲಿ ಸಾಗರದ ಕಡೆಯ ಒಂದು ಅಂಗಳಕ್ಕೆ ಬಂದು ನಿಂತಿತ್ತು, ಅಷ್ಟೇ.

ಇನ್ನೂ ಒಂದು ಇದೆ. ಆ ಹಾಡಿನ ರೆಕಾರ್ಡು ಮೊದಲು ಬಂದಾಗ ಅದರ ಮೇಲೆ ಲತಾ ಹೆಸರೇ ಇರಲಿಲ್ಲ. 'ಕಾಮಿನಿ' ಅಂತ ಇತ್ತು. ಅದು ಸಿನಿಮಾದಲ್ಲಿ ಮಧುಬಾಲಾ ಮಾಡಿದ ಪಾತ್ರದ ಹೆಸರು. ಆಗ ಹಿನ್ನೆಲೆ ಗಾಯಕರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಯಾರು ಹಾಡಿದ್ದು ಅಂತ ಜನ ರೇಡಿಯೋಗೆ ಬರೆದು ಕೇಳಿದ ಮೇಲೆ ಹೆಸರು ಹೊರಗೆ ಬಂತು. ಅಲ್ಲಿಯವರೆಗೆ ಆ ಧ್ವನಿಗೆ ಒಡತಿ ಅಂತ ಇದ್ದದ್ದು ಒಂದು ಕಥೆಯ ಹೆಣ್ಣು ಮಾತ್ರ. ಸಂಗೀತ ಮಾಡಿದ ಖೇಮಚಂದ್ ಪ್ರಕಾಶ್ ಮರುವರ್ಷವೇ ತೀರಿಕೊಂಡರು.

ನಮ್ಮ ಕನ್ನಡದಲ್ಲಿ ಹೆದರಿಸಿದ್ದು ಅಂದರೆ 'ನಾ ನಿನ್ನ ಬಿಡಲಾರೆ'. 1979ರ ಸಿನಿಮಾ, ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರ ಸಂಗೀತ. ಆ ಹೆಸರೇ ನೋಡಿ. ಪ್ರೇಮಿ ಹೇಳಿದರೆ ಖುಷಿಯಾಗುತ್ತೆ. ಅದೇ ಮೂರು ಪದ ರಾತ್ರಿ ಬಾವಿಕಟ್ಟೆಯ ಹಿಂದಿನಿಂದ ಕೇಳಿಸಿದರೆ? ನಮ್ಮ ಶಾಲೆಯಲ್ಲಿ ಒಂದು ಹುಡುಗರ ಗುಂಪು ಉಚ್ಚೆ ಹೊಯ್ಯಲು ಹೋದವರ ಹಿಂದೆ ಹೋಗಿ ಆ ಹೆಸರನ್ನ ಎಳೆದು ಎಳೆದು ಹೇಳ್ತಿತ್ತು. ಗುಂಪಿನಲ್ಲಿ ನಾನೂ ಇದ್ದೆ ಅಂತ ಒಪ್ಪಿಕೊಳ್ತೀನಿ :)

ಆದರೆ ಇದೆಲ್ಲ ಬೇಕೂಂತಲೇ ಹೆದರಿಸೋಕೆ ಮಾಡಿದ್ದು. ಅಂಥದು ಬಹಳ ದಿನ ಬಾಳಿಕೆ ಬರಲ್ಲ ಅನ್ನೋದು ನನ್ನ ಅನುಭವ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್'ನಲ್ಲಿ (1982) ಕೊನೆಗೆ ವಿನ್ಸೆಂಟ್ ಪ್ರೈಸ್ ನಗ್ತಾನಲ್ಲ, ಎಂಥಾ ನಗು ಅದು! ಆ ಮನುಷ್ಯ ಭಯಾನಕ ಸಿನಿಮಾಗಳಿಂದಲೇ ಹೆಸರಾದವನು. ಈಗ ನನ್ನ ಮಗಳು ಅದಕ್ಕೆ ಕೈ ಮೇಲೆತ್ತಿಕೊಂಡು ಕುಣೀತಾಳೆ. ಮಹಲ್ ಹಾಡು ಮಾತ್ರ ಯಾಕೆ ಹಾಗಾಗಲಿಲ್ಲ? ಅಲ್ಲಿ ದೆವ್ವದ ನಾಟಕದ ಒಳಗೆ ನಿಜವಾದ ನಡಿಗೆ ಇದೆ, ಅದಕ್ಕೇ ಅಂತ ನನ್ನ ಊಹೆ. ನನ್ನನ್ನ ಹೆದರಿಸೋದು ಸಂಗೀತ ಅಲ್ಲ. ಸಂಗೀತದ ಸಂದಿಯಲ್ಲಿ ಒಬ್ಬ ನಿಜವಾದ ಮನುಷ್ಯ ಸಿಕ್ಕಿಬಿಡ್ತಾನಲ್ಲ, ಅದು.

ಇದು ನನಗೆ ಗೊತ್ತಾಗಿದ್ದು ಹಾಸ್ಟೆಲಿನಲ್ಲಿ.

1995ರಲ್ಲಿ ಇಂಜಿನಿಯರಿಂಗ್ ಓದೋಕೆ ಅಂತ ಮೈಸೂರಿಗೆ ಬಂದೆ. ರೂಮ್‌ಮೇಟ್ ಹುಬ್ಬಳ್ಳಿಯವನು. ಅವನ ಹತ್ತಿರ ಒಂದು ವಾಕ್‌ಮನ್ ಇತ್ತು, ಒಂದು ಶೂ ಡಬ್ಬಿ ತುಂಬಾ ಯಾರಿಂದಲೋ ಕಾಪಿ ಮಾಡಿಸಿಕೊಂಡ ಕ್ಯಾಸೆಟ್ಟುಗಳಿದ್ದವು. ಒಂದಿನ "ಲೇ ಮಲೆನಾಡ, ಲೈಟ್ ಆರ್ಸಿ ಕೇಳಬೇಕಲೇ ಇದನ್ನ" ಅಂತ ಹೇಳಿ ಹೆಡ್‌ಫೋನ್ ನನ್ನ ತಲೆಗೆ ಸಿಕ್ಕಿಸಿಯೇಬಿಟ್ಟ. ಪಿಂಕ್ ಫ್ಲಾಯ್ಡ್, 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್', 1973. ಮೊದಲು ಏನೂ ಇಲ್ಲ. ಕ್ಯಾಸೆಟ್ ಖಾಲಿ ಅಂದುಕೊಂಡೆ. ಆಮೇಲೆ ಎದೆಬಡಿತ. ಅದು ನನ್ನದೇ ಅಂತ ಒಂದು ಕ್ಷಣ ಗಾಬರಿ. ಗಡಿಯಾರ, ದುಡ್ಡಿನ ಯಂತ್ರದ ಸದ್ದು, ಯಾರೋ ಮಾತಾಡ್ತಾರೆ, ಯಾರೋ ಹುಚ್ಚನ ಹಾಗೆ ನಗ್ತಾನೆ, ನಗು ಹೋಗಿ ಹೆಂಗಸಿನ ಚೀರಾಟ ಆಗುತ್ತೆ, ಚೀರಾಟ ಒಡೆದು ಹಾಡು ಶುರುವಾಗುತ್ತೆ. ನಾನು ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡಿದೆ. ಅವನು ಹೊಟ್ಟೆ ಹಿಡಕೊಂಡು ನಗ್ತಾ ಇದ್ದ.

ಆಮೇಲೆ ಅದು ಚಟ ಆಯ್ತು. ರಾತ್ರಿ ಲೈಟು ಆರಿಸೋದು, ಹೆದರೋದು, ಖುಷಿಪಡೋದು. ಎರಡು ವರ್ಷ ಹೀಗೇ ನಡೀತು.

1997ರ ನವೆಂಬರಿನ ಒಂದು ರಾತ್ರಿ, ರೂಮ್‌ಮೇಟ್ ಊರಿಗೆ ಹೋಗಿದ್ದ. ನಾನೊಬ್ಬನೇ, ಕತ್ತಲಲ್ಲಿ, ಅದೇ ಕ್ಯಾಸೆಟ್ ಹಾಕಿಕೊಂಡು ಮಲಗಿದ್ದೆ. ನಡುವೆ ಎಲ್ಲೋ ದೂರದಲ್ಲಿ ಬಡಿದ ಸದ್ದು. ಧಡ್ ಧಡ್ ಧಡ್. ಆ ರೆಕಾರ್ಡಿನಲ್ಲಿ ಏನು ಬೇಕಾದರೂ ಇರುತ್ತೆ, ಇಷ್ಟು ದಿನ ನಾನು ಗಮನಿಸಿರಲಿಲ್ಲ ಅಂದುಕೊಂಡೆ. 'ಆಹಾ, ಇದು ಹೊಸದು' ಅಂತ ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ. ಮತ್ತೆ ಬಡಿದ ಸದ್ದು. ಮತ್ತೆ ನಿಂತಿತು. ಸೈಡ್ ಮುಗಿದು, ಕ್ಯಾಸೆಟ್ ತಿರುಗಿಸಿ ಹಾಕೋಕೆ ಹೆಡ್‌ಫೋನ್ ತೆಗೆದಾಗ, ಕಾರಿಡಾರಿನಲ್ಲಿ ಮೆಸ್ಸಿನ ಭಟ್ಟರು ಪಕ್ಕದ ರೂಮಿನವರ ಹತ್ತಿರ ನನ್ನ ಹೆಸರು ಹೇಳಿ ವಿಚಾರಿಸ್ತಿರೋದು ಕೇಳಿಸಿತು. ವಾರ್ಡನ್ ಮನೆಗೆ ಫೋನ್ ಬಂದಿತ್ತು. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ಬೇಗ ಹೊರಡಬೇಕಂತೆ.

ಹತ್ತೂವರೆಯ ಶಿವಮೊಗ್ಗ ಬಸ್ಸು ತಪ್ಪಿತು. ಮುಂದಿನದು ಬೆಳಗಿನ ಜಾವಕ್ಕೆ. ಅಪ್ಪ ರಾತ್ರಿ ಮೂರು ಗಂಟೆಗೇ ಹೋಗಿಬಿಟ್ಟಿದ್ದರು. ಹತ್ತೂವರೆ ಬಸ್ಸು ಸಿಕ್ಕಿದ್ದರೂ ಶಿವಮೊಗ್ಗ ಮುಟ್ಟೋ ಹೊತ್ತಿಗೆ ಐದಾಗ್ತಿತ್ತು. "ಅದಕ್ಕೂ ಇದಕ್ಕೂ ಎಂತ ಸಂಬಂಧನಾ, ಸುಮ್ನಿರು" ಅಂತ ಅಮ್ಮ ಎಷ್ಟು ಸಲ ಹೇಳಿದ್ದಾಳೋ. ಲೆಕ್ಕ ಸರಿಯಾಗೇ ಇದೆ. ನಾನೂ ಸಾವಿರ ಸಲ ಮಾಡಿ ನೋಡಿದೀನಿ ಅದನ್ನ.

ಹತ್ತು ವರ್ಷ ಆ ರೆಕಾರ್ಡನ್ನ ಮುಟ್ಟಲಿಲ್ಲ. ಅಂಗಡಿಯಲ್ಲಿ ಆ ಕಪ್ಪು ಕವರು, ಅದರ ಮೇಲಿನ ಪಟ್ಟಕ, ಕಾಮನಬಿಲ್ಲು ಕಂಡರೂ ಸಾಕು, ಬೇರೆ ಸಾಲಿಗೆ ಹೋಗ್ತಿದ್ದೆ. ಆಮೇಲೆ ಒಂದಿನ ಆಫೀಸಿನಲ್ಲಿ ಕೆಲಸ ಇಲ್ಲದೆ ಕೂತಾಗ (ಮ್ಯಾನೇಜರ್ ಓದ್ತಿದ್ದರೆ ಕ್ಷಮಿಸಿ) ಆ ನಗು ಯಾರದು ಅಂತ ಹುಡುಕಿದೆ. ಯಾರು ಅಂತ ಗೊತ್ತಾದರೆ ಹೆದರಿಕೆ ಹೋಗುತ್ತೆ ಅನ್ನೋದು ನನ್ನ ಲೆಕ್ಕ. ಚಿಕ್ಕವರಿದ್ದಾಗ ಕತ್ತಲೆ ಮೂಲೆಯಲ್ಲಿ ಏನೋ ನಿಂತಿದೆ ಅಂದರೆ ಅಪ್ಪ ಟಾರ್ಚ್ ಬಿಟ್ಟು, ನೋಡು, ಅದು ಕಂಬಳಿಕೊಪ್ಪೆ ಅಂತ ತೋರಿಸ್ತಿದ್ದರಲ್ಲ, ಹಾಗೆ.

ಆ ಮಾತು, ನಗು ಎಲ್ಲ ಬಂದ ಬಗೆ ಸ್ವಾರಸ್ಯವಾಗಿದೆ. ಲಂಡನ್ನಿನ ಅಬ್ಬೇ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಡೀತಿದ್ದಾಗ ರೋಜರ್ ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆ ಬರೆದು, ಅಲ್ಲಿ ಓಡಾಡುವವರನ್ನು ಕರೆದು ಕೂರಿಸಿ ಕೇಳಿದನಂತೆ. ಸಾವಿಗೆ ಹೆದರ್ತೀಯಾ? ಕೊನೆಗೆ ಯಾವಾಗ ಯಾರ ಮೇಲೆ ಕೈ ಮಾಡಿದೆ? ತಪ್ಪು ನಿನ್ನದಾಗಿತ್ತಾ? ಉತ್ತರ ಕೊಟ್ಟವರಲ್ಲಿ ಸ್ಟುಡಿಯೋದ ಬಾಗಿಲು ಕಾಯುವವನೂ ಇದ್ದ, ತಂಡದ ಸಾಮಾನು ಸಾಗಿಸುವವರೂ ಇದ್ದರು. ಪಾಲ್ ಮೆಕಾರ್ಟ್ನಿಯನ್ನೂ ಕೇಳಿದರಂತೆ, ಆದರೆ ಅವನ ಉತ್ತರವನ್ನು ರೆಕಾರ್ಡಿನಲ್ಲಿ ಬಳಸಲಿಲ್ಲ. ಬಾಗಿಲು ಕಾಯುವವನ ಮಾತು ಮಾತ್ರ ಜಗತ್ತೆಲ್ಲ ಕೇಳಿತು. ಇದು ನನಗೆ ಬಹಳ ಇಷ್ಟ ಆಯ್ತು.

ಆ ನಗು ತಂಡದ ರೋಡ್ ಮ್ಯಾನೇಜರ್ ಪೀಟರ್ ವಾಟ್ಸ್‌ನದು. ಸ್ಪೀಕರು, ವೈರು ಎಲ್ಲ ನೋಡಿಕೊಳ್ಳುತ್ತಿದ್ದವನು. 1976ರಲ್ಲಿ ತೀರಿಕೊಂಡ. ಆಗ ಅವನ ಮಗಳಿಗೆ ಏಳು ವರ್ಷ. ಆ ಮಗಳು ಯಾರು ಗೊತ್ತಾ? ನಟಿ ನವೋಮಿ ವಾಟ್ಸ್. 'ದಿ ರಿಂಗ್' ಅನ್ನೋ ಹೆದರಿಕೆ ಸಿನಿಮಾ ನೋಡಿದ್ದರೆ ನೆನಪಿರಬಹುದು. ಕೋಟಿಗಟ್ಟಲೆ ಮನೆಯಲ್ಲಿ ಇರೋ ಒಂದು ರೆಕಾರ್ಡಿನಲ್ಲಿ ಅವಳ ಅಪ್ಪ ಇವತ್ತಿಗೂ ನಗ್ತಾನೇ ಇದ್ದಾನೆ.

ಟಾರ್ಚ್ ಬಿಟ್ಟು ನೋಡಿದ್ದಾಯ್ತು. ಕಂಬಳಿಕೊಪ್ಪೆ ಅಲ್ಲ, ಅಲ್ಲಿ ನಿಜವಾಗಿಯೂ ಒಬ್ಬ ನಿಂತಿದ್ದ.

ಅಲ್ಲಿಂದ ನನಗೆ ಇದೇ ಹುಚ್ಚು. ಬೀಟಲ್ಸ್ 1967ರಲ್ಲಿ ಮಾಡಿದ 'ಎ ಡೇ ಇನ್ ದಿ ಲೈಫ್'ನಲ್ಲಿ ನಲವತ್ತು ಜನರ ಆರ್ಕೆಸ್ಟ್ರಾ ತಗ್ಗಿನ ಸ್ವರದಿಂದ ಮೇಲಿನ ಸ್ವರಕ್ಕೆ, ಪಕ್ಕದವನು ಏನು ಮಾಡ್ತಿದ್ದಾನೆ ಅಂತ ನೋಡದೆ, ತಮ್ಮ ಪಾಡಿಗೆ ತಾವು ಏರಿಕೊಂಡು ಹೋಗ್ತಾರೆ. ಪ್ರವಾಹ ಬಂದ ಹಾಗಿರುತ್ತೆ. ಎಲ್ಲರೂ ಹೆದರಿಕೆ ಅನ್ನೋದು ಅದಕ್ಕೇ. ನಾನು ಹೆದರೋದು ಬೇರೆ ಎರಡು ಕಡೆ. ಒಂದು, ಮೊದಲ ಏರುವಿಕೆಯ ಅಡಿಯಲ್ಲಿ ಒಬ್ಬ ಎಣಿಸ್ತಿರೋದು ಸಣ್ಣಗೆ ಕೇಳುತ್ತೆ. ಅವರ ಸಹಾಯಕ ಮಾಲ್ ಇವಾನ್ಸ್, ಖಾಲಿ ಬಿಟ್ಟ ಇಪ್ಪತ್ನಾಲ್ಕು ತಾಳದ ಆವರ್ತಗಳನ್ನ ಲೆಕ್ಕ ಇಡ್ತಿದ್ದಾನೆ. ಇನ್ನೊಂದು ಕೊನೆಯಲ್ಲಿ. ಹಲವು ಪಿಯಾನೋಗಳಲ್ಲಿ ಒಟ್ಟಿಗೇ ಒಂದೇ ಸ್ವರಮೇಳ ಒತ್ತಿ ಹಿಡಿದು ಬಿಡ್ತಾರೆ. ಅದು ನಲವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಸಾಯ್ತಾ ಹೋಗುತ್ತೆ. ಸಾಯ್ತಾ ಹೋದ ಹಾಗೆಲ್ಲ ಎಂಜಿನಿಯರು ಮೈಕಿನ ಶಕ್ತಿ ಏರಿಸ್ತಾ ಹೋದ. ಹಾಗಾಗಿ ಕಡೇಗೆ ಪಿಯಾನೋ ಇಲ್ಲ, ಕೋಣೆ ಮಾತ್ರ ಕೇಳುತ್ತೆ. ಯಾರದೋ ಕುರ್ಚಿ ಕಿರಕ್ ಅನ್ನುತ್ತೆ. ಸಾವಿನ ಮನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದಾಗ ಒಬ್ಬರು ಕಾಲು ಬದಲಿಸ್ತಾರಲ್ಲ, ಹಾಗೆ.

ರೋಲಿಂಗ್ ಸ್ಟೋನ್ಸ್‌ನ 'ಗಿಮ್ಮಿ ಶೆಲ್ಟರ್' (1969) ಬಗ್ಗೆ ಹೆಚ್ಚು ಹೇಳಲ್ಲ. ಮೆರ್ರಿ ಕ್ಲೇಟನ್ ಅನ್ನೋ ಗಾಯಕಿಯನ್ನ ಮಧ್ಯರಾತ್ರಿ ಹಾಸಿಗೆಯಿಂದ ಎಬ್ಬಿಸಿ ಕರೆಸಿ ಹಾಡಿಸಿದರು. ತುಂಬು ಗರ್ಭಿಣಿ. ಮೇಲಿನ ಸ್ವರದಲ್ಲಿ ಅವಳ ದನಿ ಒಡೆಯುತ್ತೆ, ಮತ್ತೆ ಒಡೆಯುತ್ತೆ, ಹಿಂದಿನಿಂದ ಮಿಕ್ ಜಾಗರ್ ಬೆರಗಾಗಿ ಕೂಗಿದ್ದೂ ರೆಕಾರ್ಡಿನಲ್ಲಿ ಉಳಿದಿದೆ. ಅದಾದ ಮೇಲೆ ಆಕೆಗೆ ಮಗು ಉಳಿಯಲಿಲ್ಲ. ಇದು ಗೊತ್ತಾದ ಮೇಲೆ ಆ ಹಾಡು ಕಾರಿನಲ್ಲಿ ಬಂದರೆ ಮುಂದಿನದಕ್ಕೆ ಹೋಗ್ತೀನಿ.

ಕಡೇದು, ಲೆಡ್ ಜೆಪ್ಲಿನ್‌ನ 'ಹೋಲ್ ಲಾಟಾ ಲವ್', ಅದೂ 1969. ನಾಲ್ಕು ನಿಮಿಷ ಆದ ಮೇಲೆ ವಾದ್ಯ ಎಲ್ಲ ನಿಂತು ರಾಬರ್ಟ್ ಪ್ಲಾಂಟ್ ಒಬ್ಬನೇ ಕೂಗುವ ಜಾಗ ಇದೆ. ಅವನು ಕೂಗುವ ಮುಂಚೆಯೇ ಎಲ್ಲೋ ಗುಹೆಯಿಂದ ಅದೇ ದನಿ ಅದನ್ನೇ ಸಣ್ಣಗೆ ಕೂಗುತ್ತೆ! ಹಾಸ್ಟೆಲಿನಲ್ಲಿ ಇದನ್ನ ಕೇಳಿ ನಾವಿಬ್ಬರೂ ರಿವೈಂಡ್ ಮಾಡಿ ಮಾಡಿ ಟೇಪೇ ಸವೆಸಿದ್ವಿ. ಹಿಂದೊಮ್ಮೆ ಹಾಡಿದ್ದು ಪೂರ್ತಿ ಅಳಿಸದೆ ಸೋರಿಬಿಟ್ಟಿತ್ತು, ತೆಗೆಯೋಕೆ ಆಗಲಿಲ್ಲ, ಸರಿ ಅಂತ ಅದಕ್ಕೇ ಒಂದಿಷ್ಟು ಪ್ರತಿಧ್ವನಿ ಹಚ್ಚಿದೆ, ಜಿಮ್ಮಿ ಪೇಜ್ ಚೆನ್ನಾಗಿದೆ ಬಿಡು ಅಂದ ಅಂತ ಎಂಜಿನಿಯರ್ ಎಡ್ಡಿ ಕ್ರೇಮರ್ ಆಮೇಲೆ ಹೇಳಿದ್ದಾನೆ. ಮುಂಚೆ ಹಾಡಿದ್ದ ಪ್ಲಾಂಟು ಆಮೇಲೆ ಹಾಡಿದ ಪ್ಲಾಂಟಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದ.

ಇದನ್ನ ಯಾಕೆ ಇಷ್ಟು ವಿವರವಾಗಿ ಹೇಳಿದೆ ಅಂದರೆ... ಈಗ ಆ ಕ್ಯಾಸೆಟ್ಟಿಗೆ ಬರ್ತೀನಿ.

ನಮ್ಮಪ್ಪನಿಗೆ ಹಾಡು ಹಿಡಿಯೋ ಖಯಾಲಿ. ಚಪ್ಪಟೆಯಾದ ಒಂದು ಟೇಪ್ ರೆಕಾರ್ಡರ್ ಇತ್ತು, ಮೈಕು ಅದರಲ್ಲೇ. ಟ್ರಾನ್ಸಿಸ್ಟರ್ ಎದುರಿಗೆ ಮಣೆ ಹಾಕಿ ಅದರ ಮೇಲೆ ಅದನ್ನಿಟ್ಟು, ಹಾಡು ಬಂದ ಕೂಡಲೇ ಎರಡು ಗುಂಡಿ ಒಟ್ಟಿಗೆ ಒತ್ತಿ, ನಮಗೆಲ್ಲ ಬಾಯಿಗೆ ಬೆರಳಿಟ್ಟು ತೋರಿಸೋರು. ಹಾಡು ಮುಗಿಯೋವರೆಗೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಒಂದ್ಸಲ ನಾನು ಸೀನಿದ್ದಕ್ಕೆ ಎರಡು ದಿನ ಮಾತಾಡಿರಲಿಲ್ಲ. ಆ ಸೀನು ಇನ್ನೂ ಇದೆ, ಸಿಕ್ಕಿದ ಕ್ಯಾಸೆಟ್ಟಿನ ಎರಡನೇ ಹಾಡಿನಲ್ಲಿ :)

ಮೇಲೆ ಅಪ್ಪನ ಕೈಬರಹದಲ್ಲಿ 1986 ಅಂತ ಇದೆ. ಬಿಳಿ ಬೂಷ್ಟು ಹಿಡಿದಿತ್ತು. ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತಿರುತ್ತೆ. ಬೆಂಗಳೂರಿಗೆ ತಂದು, ಹಳೇ ಟೇಪುಗಳನ್ನ ಕಂಪ್ಯೂಟರಿಗೆ ಹಾಕಿಕೊಡುವ ಒಬ್ಬರ ಹತ್ತಿರ ಕೊಟ್ಟೆ. ಅವರು ಟೇಪನ್ನ ಒರೆಸಿ, ಸ್ಕ್ರೂ ಇರೋ ಬೇರೆ ಡಬ್ಬಿಗೆ ಸೇರಿಸಿ ವಾರದ ನಂತರ ಕರೆದರು. ಹೆಡ್‌ಫೋನ್ ಕೊಟ್ಟು ಕೂರಿಸಿದರು. ಪಿ.ಬಿ. ಶ್ರೀನಿವಾಸ್ ಅವರ ಒಂದು ಹಾಡು ಮುಗಿಯಿತು. (ಯಾವುದು ಅಂತ ಹೇಳಲ್ಲ, ಹೇಳಿದರೆ ನಿಮಗೂ ಆ ಹಾಡು ಕೆಡುತ್ತೆ.) ಒಂದೆರಡು ಕ್ಷಣ ಬರೀ ಸುಯ್ ಅನ್ನೋ ಸದ್ದು. ಆಮೇಲೆ ತುಂಬಾ ದೂರದಿಂದ, ಗೋಡೆಯಾಚೆಯಿಂದ ಅನ್ನೋ ಹಾಗೆ, ಅಪ್ಪ.

"ಇವಳೇ..."

ಎರಡು ಸೆಕೆಂಡು. ಆಮೇಲೆ ಕಿವಿ ಪಕ್ಕದಲ್ಲೇ, ಮೈಕು ಒಡೆದುಹೋಗೋ ಹಾಗೆ: "ಇವಳೇ! ಕರು ಬಿಚ್ಕಂಡಿದೆ ನೋಡೇ!"

ಠಪ್ ಅಂತ ಗುಂಡಿ ಒತ್ತಿದ ಸದ್ದು. ಮುಂದಿನ ಹಾಡು.

ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡಿದೆ. ಹಾಸ್ಟೆಲಿನಲ್ಲಿ ನೋಡಿದ್ದ ಹಾಗೇ.

ಅವರಿಗೆ ಇದೇನೂ ಹೊಸದಲ್ಲ. ಸಾರ್, ಇದು ಪ್ರಿಂಟ್ ಥ್ರೂ ಅಂದರು. ಟೇಪು ಅನ್ನೋದು ಸುತ್ತಿನ ಮೇಲೆ ಸುತ್ತು ಕೂತಿರುತ್ತೆ ತಾನೇ. ಇಂಕ್ ಪೆನ್ನಲ್ಲಿ ಬರೆದು ಒಣಗುವ ಮುಂಚೆ ನೋಟ್‌ಬುಕ್ ಮುಚ್ಚಿದರೆ ಎದುರಿನ ಪುಟಕ್ಕೂ ಅಕ್ಷರ ಮೂಡುತ್ತಲ್ಲ, ಹಾಗೇ ಒಂದು ಸುತ್ತಿನಲ್ಲಿರೋ ಜೋರು ಸದ್ದಿನ ಕಾಂತಶಕ್ತಿ ಅದರ ಪಕ್ಕದ ಸುತ್ತಿಗೂ ತೆಳ್ಳಗೆ ಅಚ್ಚಾಗುತ್ತೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ, ಸೆಖೆ ಇದ್ದರೆ ಇನ್ನೂ ಹೆಚ್ಚು. ಟೇಪು ತೆಳ್ಳಗಿದ್ದಷ್ಟೂ ಹೆಚ್ಚು. ಅರವತ್ತು ನಿಮಿಷದ ಕ್ಯಾಸೆಟ್ಟಿಗಿಂತ ತೊಂಬತ್ತರದ್ದು ತೆಳ್ಳಗೆ. ಅಪ್ಪ ತೊಂಬತ್ತರದ್ದೇ ತರ್ತಿದ್ದರು, ಒಂದೇ ದುಡ್ಡಿಗೆ ಮೂರ್ನಾಲ್ಕು ಹಾಡು ಜಾಸ್ತಿ ಹಿಡಿಯುತ್ತೆ ಅಂತ. ಕ್ಯಾಸೆಟ್ ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ಓಡುತ್ತೆ. ಒಂದು ಸುತ್ತಿಗೆ ಒಂದೂವರೆಯಿಂದ ಮೂರು ಸೆಕೆಂಡು. ಹಾಗಾಗಿ ದೆವ್ವ ಮನುಷ್ಯನಿಗಿಂತ ಅಷ್ಟು ಮುಂಚೆ ಬರುತ್ತೆ. ದೊಡ್ಡ ಸ್ಟುಡಿಯೋಗಳಲ್ಲಿ ಸುರುಳಿ ಟೇಪನ್ನ ಹಿಂದಕ್ಕೆ ಸುತ್ತದೆ, ಕೊನೆಯ ತುದಿ ಹೊರಗೆ ಇರುವ ಹಾಗೆ ಎತ್ತಿಡುತ್ತಾರಂತೆ. ಹಾಗೆ ಮಾಡಿದರೆ ಜೋರಾದ ಅಚ್ಚು ಸದ್ದಿನ ಮುಂಚೆ ಬರುವ ಬದಲು ನಂತರ ಬರುತ್ತೆ. ನಂತರ ಬಂದರೆ ಪ್ರತಿಧ್ವನಿ ಅನ್ಕೊಂಡು ಯಾರೂ ಗಮನಿಸಲ್ಲ. ಮುಂಚೆ ಬಂದರೆ ಮಾತ್ರ ಹೆದರಿಕೆ.

ಪರದೆ ಮೇಲೆ ತೋರಿಸಿದರು. ಒಂದು ದೊಡ್ಡ ಗುಡ್ಡ, ಅದಕ್ಕೆ ಮುಂಚೆ ಒಂದು ಸಣ್ಣ ದಿಬ್ಬ, ಗೆದ್ದಲು ಕಟ್ಟಿದ ಹಾಗೆ. "ಇಷ್ಟನ್ನ ಸೆಲೆಕ್ಟ್ ಮಾಡಿ ಡಿಲೀಟ್ ಹೊಡೆದ್ರೆ ಆಯ್ತು ಸಾರ್, ಎರಡು ನಿಮಿಷದ ಕೆಲಸ." ತಡೀರಿ ಅಂದೆ. ಹಾಗೇ ಫೈಲು ತಗೊಂಡು ಮನೆಗೆ ಬಂದೆ.

ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನು. "ಎಂತದೋ ಅದು? ಅಪ್ಪ ಕೂಗಿದ್ದು ಸರಿ, ಅದಕ್ಕಿಂತ ಮುಂಚೆ ಇರೋದು ಎಂತ? ಮೈ ಜುಂ ಅಂತು ಮಾರಾಯ. ಮೊದಲು ಅದನ್ನ ತೆಗ್ಸು. ಅಮ್ಮನಿಗಂತೂ ಕೇಳಿಸಬೇಡ, ರಾತ್ರಿ ನಿದ್ದೆ ಮಾಡಲ್ಲ ಅವಳು." ನಾನು ಇಂಕ್ ಪೆನ್ನು, ನೋಟ್‌ಬುಕ್ ಎಲ್ಲ ಹೇಳಿದೆ. ಅವಳು ಫಿಸಿಕ್ಸ್ ಟೀಚರು, ನನಗಿಂತ ಚೆನ್ನಾಗಿ ಅರ್ಥ ಆಗಿರುತ್ತೆ. "ಅದೆಲ್ಲ ಗೊತ್ತಾಯ್ತು. ಆದ್ರೂ ತೆಗ್ಸು" ಅಂದಳು.

ತೆಗೆಸಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಅಕ್ಕ ಹೇಳೋದರಲ್ಲಿ ತಪ್ಪಿಲ್ಲ. ಅಪ್ಪ ಹಾಗೆ ಕರೆದೇ ಇಲ್ಲ. ಅದು ಅಪ್ಪನ ದನಿಯೂ ಅಲ್ಲ, ಪ್ಲಾಸ್ಟಿಕ್ಕಿನ ಮೇಲಿನ ತುಕ್ಕುಪುಡಿ ಮೂವತ್ತು ವರ್ಷ ಅಟ್ಟದ ಮೇಲೆ ಕೂತು ತಾನೇ ಮಾಡಿಕೊಂಡ ಕಿತಾಪತಿ. ತೆಗೆದರೆ ಉಳಿಯೋದು 1986ರಲ್ಲಿ ಇದ್ದದ್ದೇ. ಹೀಗೆಲ್ಲ ಅಂದುಕೊಂಡು ರಾತ್ರಿ ಕೂತು ಮತ್ತೆ ಕೇಳ್ತಿದ್ದೆ. ಲೈಟು ಹಾಕಿಕೊಂಡು. ಒಂದು ಕಿವಿಗೆ ಮಾತ್ರ ಹೆಡ್‌ಫೋನು, ಇನ್ನೊಂದು ಬಾಗಿಲ ಕಡೆಗೆ. 1997ರಿಂದ ಇದು ನನ್ನ ಅಭ್ಯಾಸ, ಹೆಂಡತಿಗೂ ಕಾರಣ ಹೇಳಿಲ್ಲ. ಇಲ್ಲಿ ಓದಿದರೆ ಗೊತ್ತಾಗುತ್ತೆ ಬಿಡಿ.

ಹೋದ ವಾರ ಊರಿಗೆ ಹೋಗಿದ್ದೆ. ಕೇಳಿಸಬಾರದು ಅಂತಲೇ ಹೋಗಿದ್ದು. ಆದರೆ ಮಗಳು ಸುಮ್ಮನಿರಬೇಕಲ್ಲ, "ಅಜ್ಜೀ, ಅಪ್ಪನ ಫೋನಲ್ಲಿ ಅಜ್ಜನ ವಾಯ್ಸ್ ಇದೆ" ಅಂದುಬಿಟ್ಟಳು. ಅಮ್ಮ ಹೂವಿನ ಬತ್ತಿ ಮಾಡ್ತಾ ಕೂತಿದ್ದಳು. ಕೈ ನಿಂತಿತು. "ಎಲ್ಲಿ, ಹಾಕು" ಅಂದಳು.

ಹಾಡು ಮುಗಿಯಿತು. ಸುಯ್... ದೂರದಿಂದ ಒಂದು ಸಲ. ಆಮೇಲೆ ಹತ್ತಿರದಿಂದ. ಠಪ್.

ನಾನು ಅಮ್ಮನ ಮುಖವನ್ನೇ ನೋಡ್ತಿದ್ದೆ. ಅವಳು ನಕ್ಕಳು! "ಗಂಗೆಯ ಮೊದಲನೇ ಕರು ಅದು. ದಿನಾ ಬಿಚ್ಕಂಡು ಹಾಲೆಲ್ಲ ಕುಡೀತಿತ್ತು. ಹಗ್ಗ ಸರಿಯಾಗಿ ಕಟ್ಟೋಕೆ ಇವರಿಗೇ ಬರ್ತಿರಲಿಲ್ಲ, ಬೊಬ್ಬೆ ಮಾತ್ರ ನನ್ನ ಮೇಲೆ." ಮತ್ತೊಮ್ಮೆ ಹಾಕಿಸಿಕೊಂಡಳು. ಈ ಸಲ ಕಣ್ಣು ಮುಚ್ಚಿ ಕೇಳಿದಳು.

"ನೋಡು, ಮೊದಲು ಮೆಲ್ಲಗೆ ಒಂದ್ಸಲ ಕರೀತಾರೆ" ಅಂದಳು. "ಯಾವಾಗ್ಲೂ ಹಂಗೇ. ನಾನು ಒಲೆ ಊದ್ತಾ ಇರ್ತಿದ್ನಲ್ಲ, ಕೇಳ್ತಿರ್ಲಿಲ್ಲ. ಆಮೇಲೆ ಸಿಟ್ಟು ಬಂದು ಕೂಗೋರು. ಈಗ ನೋಡು, ಎಷ್ಟು ಸರಿಯಾಗಿ ಕೇಳ್ತು."

ಅಮ್ಮಾ, ಅದು ಹಾಗಲ್ಲ, ಟೇಪಿನ ಒಂದು ಸುತ್ತಿಂದ ಇನ್ನೊಂದು ಸುತ್ತಿಗೆ ಅಂತ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದೆ. ಅವಳು ಮತ್ತೆ ಬತ್ತಿ ಹೊಸೆಯೋಕೆ ಶುರು ಮಾಡಿದ್ದಳು.

ಬೆಂಗಳೂರಿಗೆ ಬಂದ ಮೇಲೆ ಆ ಟೇಪಿನವರಿಗೆ ಫೋನ್ ಮಾಡಿ ಎರಡು ಪ್ರತಿ ಮಾಡಿಸಿದೆ. ದಿಬ್ಬ ತೆಗೆದದ್ದು ಅಕ್ಕನಿಗೆ. ಇನ್ನೊಂದು ಅಮ್ಮನ ಫೋನಿಗೆ. ಮಗಳು ಅದನ್ನೇ ಅಜ್ಜಿಗೆ ರಿಂಗ್‌ಟೋನ್ ಮಾಡಿಕೊಟ್ಟಿದ್ದಾಳೆ ಅಂತ ನಿನ್ನೆ ಗೊತ್ತಾಯ್ತು. ಈಗ ನಾನು ಊರಿಗೆ ಫೋನ್ ಮಾಡಿದರೆ ಅಲ್ಲಿ ಮೊದಲು ಮೆಲ್ಲಗೆ ಒಂದ್ಸಲ "ಇವಳೇ" ಅನ್ನುತ್ತಂತೆ. ಜೋರಾಗಿ ಕೂಗುವ ಮುಂಚೆಯೇ ಅಮ್ಮ ಫೋನ್ ಎತ್ತಿರ್ತಾಳೆ.